ಗೂಟ ಕಿತ್ತ ಜಾಗ

ವಸುಧಾ ಮೇಡಂ, ಗುಡ್ಡದ ಮೇಲೆ ನೀವು ನೆಟ್ಟಿದ್ದ ಗೂಟವನ್ನು ಕಿತ್ತು ಬೇರೆ ಕಡೆ ನೆಟ್ಟವನು ನಾನು. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಅಲ್ಲ, ಬೇಕಾಗಿರಲಿಲ್ಲ. ಹೇಳಲಿಲ್ಲ, ಅಷ್ಟೇ.

ತೊಂಬತ್ತರ ದಶಕದ ಮಾತು. ಚಿಕ್ಕಮಗಳೂರಿನಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ. ನೀವು ಮಣ್ಣಿನ ಪರೀಕ್ಷೆ ಮಾಡುವವರು. ನೆಲ ಎಷ್ಟು ಬೇಗ ನೀರು ಕುಡಿಯುತ್ತದೆಂದು ತಿಳಿಯಲು ಕಬ್ಬಿಣದ ಬಳೆಯೊಂದನ್ನು ಮಣ್ಣಿಗೆ ಬಡಿದು, ನೀರು ತುಂಬಿ, ಗಡಿಯಾರ ಹಿಡಿದು, ಜಿಗಣೆ ಕಚ್ಚಿಸಿಕೊಂಡು ದಿನವಿಡೀ ಕೂರುತ್ತಿದ್ದಿರಿ. "ನಾನು ಕೂರದಿದ್ರೂ ಇದು ತಾನೇ ಅಳೆಯೋ ಹಾಗೆ ಮಾಡ್ಕೊಡ್ತೀರಾ ದಿನೇಶ್?" ಎಂದು ಕೇಳಿದಿರಿ. ಮಾಡಿದೆ. ಬಳೆಯಲ್ಲಿ ನೀರು ಇಳಿದರೆ ತೇಲುಬುರುಡೆಯೂ ಇಳಿಯುತ್ತದೆ. ಡ್ರಮ್ಮಿನಿಂದ ಒಂದು ಅಳತೆ ನೀರು ಬೀಳುತ್ತದೆ. ಹಳೆಯ ಟೇಪ್‌ರೆಕಾರ್ಡರಿನಿಂದ ಕಿತ್ತ ಕೌಂಟರ್ ಟಕ್ ಎಂದು ಒಂದಂಕಿ ಮುಂದೆ ಹೋಗುತ್ತದೆ. ನನ್ನ ಕೈಯಿಂದ ಅಂಥದ್ದು ಇನ್ನೊಂದು ಆಗಲಿಲ್ಲ. ಅದರ ಹೆಮ್ಮೆ ನನಗೆ ಎಷ್ಟಿತ್ತೆಂದರೆ...

ಕಳಸದಾಚೆಯ ಆ ಎಸ್ಟೇಟಿನ ಸಾಹುಕಾರರಿಗೆ, ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹಾರಿಸಲು ಒಂದು ಕೆರೆ ಬೇಕಿತ್ತು. ನೀರು ಇಂಗದೆ ನಿಲ್ಲುವ ಜಾಗ ನೋಡಿಕೊಡಲು ನಿಮ್ಮನ್ನು ಕರೆಸಿದ್ದರು. ಕೂಲಿಯವರ ಸಾಲುಮನೆಗಳ ಲೈನಿನ ಮೇಲ್ಗಡೆಯ ತಟ್ಟಿನಲ್ಲಿ ನೀವು ಗೂಟ ನೆಟ್ಟು, ಯಂತ್ರ ನೋಡಬೇಕೆಂದಿದ್ದ ನಿಮ್ಮ ಕಚೇರಿಯವರನ್ನು ಕರೆತರಲು ಚಿಕ್ಕಮಗಳೂರಿಗೆ ಹೋದಿರಿ. ನಾನೊಬ್ಬನೇ ಯಂತ್ರವನ್ನು ಆ ಗೂಟದ ಬಳಿ ಹೂಡಿ ಪರೀಕ್ಷಿಸಿದೆ.

ಟಕ್, ಟಕ್, ಟಕ್ — ನಿಲ್ಲಲೇ ಇಲ್ಲ. ಡ್ರಮ್ ಖಾಲಿಯಾಯಿತು. ಮತ್ತೆ ತುಂಬಿಸಿದೆ, ಮತ್ತೆ ಖಾಲಿ. ತೇಲುಬುರುಡೆ ಬಿಚ್ಚಿ ನೋಡಿದರೆ ಸರಿಯಾಗಿಯೇ ಇತ್ತು. ನೆಲಕ್ಕೆ ಕಿವಿಗೊಟ್ಟೆ. ಒಳಗೆಲ್ಲೋ ಆಳದಲ್ಲಿ ನೀರು ಓಡುವ ಸದ್ದು.

ಅಷ್ಟರಲ್ಲಿ ಲೈನಿನ ಅಕ್ಕಮ್ಮ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಕೈಯಲ್ಲಿ ಕೊಡ.

"ಮೇಲೆ ಎಂಥ ಮಾಡ್ತಿದೀರಿ ಮಾರಾಯ್ರೇ? ನಮ್ಮ ಒರತೇಲಿ ಕೆಂಪು ನೀರು ಬರ್ತಾ ಉಂಟು."

"ಎಂಥದೂ ಇಲ್ಲ. ನಾಳೆ ತಿಳಿಯಾಗ್ತದೆ ಬಿಡಿ."

"ಮಳೆ ಇಲ್ದೆ ಅದು ಕೆಂಪಾಗಿದ್ದು ನಾನು ಕಂಡಿಲ್ಲಪ್ಪ," ಎಂದು ಕೊಡ ಬಗ್ಗಿಸಿ ತೋರಿಸಿದರು. ನೋಡಿದೆ. ನನಗೆ ಅರ್ಥವಾಯಿತು, ಮೇಡಂ — ಆ ಕ್ಷಣಕ್ಕೇ. ಗುಡ್ಡದೊಳಗೆ ಪೊಳ್ಳಿತ್ತು; ಮೇಲೆ ಸುರಿದ ನೀರು ಒಳಗಿನ ಮಣ್ಣನ್ನು ಕೊರೆದುಕೊಂಡು ಒರತೆಗೆ ಇಳಿಯುತ್ತಿತ್ತು.

ಆದರೂ ನನ್ನ ತಲೆಯಲ್ಲಿದ್ದದ್ದು ಒಂದೇ: ನಾಳೆ ಎಲ್ಲರೆದುರು ಡ್ರಮ್ ಹೀಗೆ ಖಾಲಿಯಾದರೆ, ರೇಡಿಯೋದವನ ಯಂತ್ರ ಕೆಟ್ಟಿದೆ ಎಂದು ನಗುತ್ತಾರೆ. ಬಳೆ ಕಿತ್ತೆ. ಗೂಟವನ್ನೂ ಕಿತ್ತೆ. ಅದೇ ತಟ್ಟಿನಲ್ಲಿ ಕೆಲವು ಹೆಜ್ಜೆ ಆಚೆ, ಜನ ಓಡಾಡಿ ಗಟ್ಟಿಯಾಗಿದ್ದ ನೆಲದಲ್ಲಿ ಎರಡನ್ನೂ ಊರಿದೆ. ಹಳೆಯ ಗುರುತಿನ ಮೇಲೆ ತರಗೆಲೆ ಎಳೆದೆ.

ಮರುದಿನ ಕೌಂಟರ್ ನಿಧಾನವಾಗಿ, ಶಿಸ್ತಿನಿಂದ ನಡೆಯಿತು. ಬಂದವರು ಬೆನ್ನು ತಟ್ಟಿದರು. "ಹಂಗಾದ್ರೆ ಈ ತಟ್ಟಲ್ಲೇ ಕೆರೆ ತೆಗಿಸ್ಬಹುದು ಅಂತೀರಾ?" ಎಂದರು ಸಾಹುಕಾರರು. ನೀವು ನನ್ನತ್ತ ತಿರುಗಿದಿರಿ. "ದಿನೇಶ್, ಈ ರೀಡಿಂಗ್ ನಂಬಬಹುದಲ್ಲ?"

"ನಂಬಬಹುದು ಮೇಡಂ."

ಆ ಬೇಸಿಗೆಯಲ್ಲೇ ಕೆರೆ ತೋಡಿದರು. ಮಳೆ ಹಿಡಿದ ಮೇಲೆ ಎಸ್ಟೇಟಿನ ಪಂಪಿನ ಸ್ಟಾರ್ಟರ್ ಕೆಟ್ಟು ನನ್ನನ್ನು ಕರೆಸಿದರು. ಲೈನಿನ ಮುಂದೆ ಅಕ್ಕಮ್ಮ ತಡೆದು ನಿಲ್ಲಿಸಿದರು. "ಅವತ್ತು ಬಂತಲ್ಲ ಕೆಂಪು ನೀರು, ಈಗ ದಿನಾ ಅದೇ. ರಾತ್ರಿ ಮಲಗಿದ್ರೆ ನೆಲದಡಿಗೆ ಗುಡುಗುಡು ಅಂತದೆ."

"ರೈಟರಿಗೆ ಹೇಳಿ," ಎಂದೆ.

ಲೆಕ್ಕ ಬರೆಯುವ ಆ ರೈಟರಿಗೆ ಏನು ಗೊತ್ತಿತ್ತು? ಗೊತ್ತಿದ್ದವನು ನಾನೊಬ್ಬನೇ. ಕೆರೆಯ ಏರಿ ಕಡಿಸಿ ಎನ್ನಲು ಒಂದು ಮಾತು ಸಾಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ನಡೆದೆ... ಹೊತ್ತಾಗಿರಲೂ ಇಲ್ಲ.

ಕೆಲವೇ ದಿನಗಳಲ್ಲಿ ಗುಡ್ಡ ಜಾರಿತು. ಬೆಳಗಿನ ಹೊತ್ತು, ಉಳಿದವರೆಲ್ಲ ತೋಟಕ್ಕೆ ಹೋಗಿದ್ದರು. ಅಕ್ಕಮ್ಮ ಜ್ವರವೆಂದು ಮನೆಯಲ್ಲೇ ಮಲಗಿದ್ದರು.

ಸುದ್ದಿ ತಿಳಿದು ನಾವಿಬ್ಬರೂ ಹೋದೆವು. ಲೈನ್ ಇದ್ದಲ್ಲಿ ಕೆಂಪು ಮಣ್ಣು. ಅಕ್ಕಮ್ಮನ ಮಗಳು ಪುಷ್ಪ ಕೈಯಿಂದಲೇ ತೋಡುತ್ತಿದ್ದಳು. ಹೆಂಗಸರು ಹಿಡಿದೆಳೆದರೂ ಬರಲಿಲ್ಲ. ನಾನೂ ಬಗ್ಗಿ ಅವರ ಜೊತೆ ತೋಡಿದೆ. ನೀವು ಮೊಣಕಾಲುದ್ದ ಕೆಸರಿನಲ್ಲಿ ನಿಂತು ನನ್ನನ್ನು ಕೇಳಿದಿರಿ: "ನಿಜ ಹೇಳಿ ದಿನೇಶ್, ಯಂತ್ರ ಸರಿ ಇತ್ತಾ?"

"ಸರಿ ಇತ್ತು ಮೇಡಂ."

ಅದು ನಿಜ. ಆ ನಿಜದಿಂದಲೇ ನಿಮ್ಮನ್ನು ಮುಗಿಸಿದೆ. ಯಂತ್ರ ಸರಿಯಿದ್ದರೆ ತಪ್ಪು ನಿಮ್ಮದೇ ಎಂದಾಯಿತು. "ಜಾಗ ಆರಿಸಿದ್ದು ನಾನು," ಎಂದು ಸಾಹುಕಾರರೆದುರು, ಪುಷ್ಪಳೆದುರು ನೀವು ಹೇಳುವಾಗ ಪಕ್ಕದಲ್ಲೇ ನಿಂತಿದ್ದೆ. ಕೆಲಸ ಬಿಟ್ಟು ಊರಿಗೆ ಹೊರಟಾಗ ಬಸ್ಸಿಗೆ ನಿಮ್ಮ ಟ್ರಂಕ್ ಏರಿಸಿಕೊಟ್ಟವನೂ ನಾನೇ.

ಈಗ ಪುಷ್ಪ ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಆರಿಸುವ ಕೆಲಸಕ್ಕಿದ್ದಾಳೆ. ಮೊನ್ನೆ ಅಂಗಡಿಗೆ ಮಿಕ್ಸಿ ತಂದಿದ್ದಳು. ಮಾತಿಗೆ ಮಾತು ಬಂದು ಅಂದಳು: "ಆ ಮೇಡಮ್ಮನ ಹೆಸ್ರು ಕೇಳಿದ್ರೆ ಈಗ್ಲೂ ಮೈ ಉರೀತದೆ ಅಣ್ಣ. ನೀವಾದ್ರೂ ಅವತ್ತು ನಮ್ ಜೊತೆ ಮಣ್ಣು ತೋಡಿದ್ರಿ."

ಮಿಕ್ಸಿಯ ಸ್ಕ್ರೂ ಬಿಗಿದೆ. ದುಡ್ಡು ಎಣಿಸಿಕೊಂಡು ಅವಳನ್ನು ಕಳಿಸಿದೆ.

ಅದಕ್ಕೇ ಮೊದಲು ನಿಮಗೆ ಹೇಳಿದೆ, ಮೇಡಂ. ಕ್ಷಮಿಸಿ ಎಂದು ಕೇಳುವುದಿಲ್ಲ. ನಾಳೆ ಅವಳ ಮನೆಗೆ ಹೋಗುತ್ತೇನೆ. ಇದನ್ನೆಲ್ಲ ಅವಳೆದುರು ಹೇಳುತ್ತೇನೆ. ಅವಳು ಹೊಡೆಯಬಹುದು, ಊರು ಕೂಡಿಸಬಹುದು, ಪೊಲೀಸರನ್ನು ಕರೆಸಬಹುದು. ಅವಳಾಗಿ ಏಳು ಎನ್ನುವವರೆಗೆ ಅಲ್ಲಿಂದ ಏಳುವುದಿಲ್ಲ.