ಗಂಡಸರನ್ನೂ ಪರೀಕ್ಷೆ ಮಾಡಿದ ಹೆಂಗಸರ ಡಾಕ್ಟರು

ಹೊಸೂರಿನ ಸುಬ್ಬರಾಮ ಮೇಷ್ಟ್ರ ಮಗಳು ಜಾನಕಮ್ಮ ಮದರಾಸಿನಲ್ಲಿ ಎಂಟು ವರ್ಷ ಓದಿ, ಹೆರಿಗೆ ಡಾಕ್ಟರಾಗಿ ೧೯೭೨ರಲ್ಲಿ ತಮಿಳುನಾಡಿನ ಗಡಿಯಲ್ಲಿರುವ ತಳಿ ಎಂಬ ಊರಿನ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದರು. ಊರಿನವರು ಮೊದಲು ವಿಚಾರಿಸಿದ್ದು ಅವರ ಓದನ್ನಲ್ಲ.

"ಮದ್ವೆ ಆಗೈತಾ?"

ಆಗಿರಲಿಲ್ಲ. ತಾನೇ ಹೆರದವಳಿಗೆ ಹೆರಿಗೆಯ ವಿಷಯ ಏನು ಗೊತ್ತು ಎಂದು ಅರಳಿಕಟ್ಟೆಯ ಗಂಡಸರು ತೀರ್ಮಾನಿಸಿದರು. ಅವರಲ್ಲಿ ಒಬ್ಬರಾದರೂ ಹೆತ್ತವರಿರಲಿಲ್ಲ, ಅದು ಬೇರೆ ಮಾತು.

ಆದರೂ ಹೆಂಗಸರು ಬಂದರು. ಗಂಡು ಹುಟ್ಟಿದರೆ ದೇವರ ದಯೆ, ಹೆಣ್ಣು ಹುಟ್ಟಿದರೆ ಡಾಕ್ಟರ ಕೈಗುಣ ಎಂಬ ಒಪ್ಪಂದದ ಮೇಲೆ ಆಸ್ಪತ್ರೆ ಚೆನ್ನಾಗಿಯೇ ನಡೆಯಿತು.

ಮೂರು ವರ್ಷದ ಮೇಲೆ ಮಾಜಿ ಪಂಚಾಯ್ತಿ ಅಧ್ಯಕ್ಷ ಮುತ್ತರಾಯಪ್ಪ ತನ್ನ ಸೊಸೆ ಗೋವಿಂದಮ್ಮನನ್ನು ಕರೆತಂದ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಜಾನಕಮ್ಮ ಪರೀಕ್ಷಿಸಿ ಹೊರಗೆ ಬಂದರು.

"ಇವಳಲ್ಲಿ ಏನೂ ತೊಂದರೆ ಇಲ್ಲ, ಯಜಮಾನರೇ. ನಿಮ್ಮ ಮಗನನ್ನ ಕಳಿಸಿ, ಪರೀಕ್ಷೆ ಮಾಡಬೇಕು."

"ಯಾರ್ನ? ಕದಿರಪ್ಪನ್ನಾ? ಅವನೇನು ಹೆರ್ತಾನಾ? ಹೆಂಗಸ್ರ ಡಾಕ್ಟ್ರು ಹೆಂಗಸ್ರನ್ನ ನೋಡ್ಬೇಕಮ್ಮ!"

"ಬಿತ್ತನೆ ರಾಗಿ ಮೊಳೆಯುತ್ತದಾ ಅಂತ ನೋಡದೆ, ಹೊಲ ಸರಿಯಿಲ್ಲ ಅಂತೀರಾ?"

ಬೆಂಚಿನ ಮೇಲೆ ಕೂತಿದ್ದ ಏಳೆಂಟು ಬಸುರಿಯರು ಒಟ್ಟಿಗೆ ನಕ್ಕರು. ಮುತ್ತರಾಯಪ್ಪನನ್ನು ಕಂಡು ಹೆಂಗಸರು ನಕ್ಕದ್ದು ಅದೇ ಮೊದಲು. ಅವತ್ತೇ ಮೇಲಿನ ಆಫೀಸಿಗೆ ಒಂದು ಮೂಗರ್ಜಿ ಹೋಯಿತು: ಈ ಡಾಕ್ಟರು ಮರ್ಯಾದಸ್ಥ ಗಂಡಸರಿಗೆ ಅಸಭ್ಯವಾದ ಪರೀಕ್ಷೆ ಮಾಡುತ್ತಾಳೆ. ಅರ್ಜಿಯಲ್ಲಿ ಹೆಸರಿರಲಿಲ್ಲ. ಆದರೆ ಕೊನೆಗೆ ‘ಮಾಜಿ ಅಧ್ಯಕ್ಷ’ ಎಂಬ ಮೊಹರು ಒತ್ತದೆ ಇರಲು ಪಾಪ ಆತನಿಂದಾಗಲಿಲ್ಲ.

ವಿಚಾರಣೆಗೆ ಬಂದ ಆಫೀಸರು ತಮಿಳಿನಲ್ಲಿ ಒಂದು ಗಂಟೆ ಗದರಿದರು. ಆಮೇಲೆ ಎದ್ದು ಬಾಗಿಲು ಹಾಕಿ, ತಮಗೂ ಮದುವೆಯಾಗಿ ಏಳು ವರ್ಷವಾಯಿತೆಂದೂ, ಆ ಅಸಭ್ಯವಾದ ಪರೀಕ್ಷೆಗೆ ಹೆಸರು ಬರೆಸಲೇಬೇಕಾ ಎಂದೂ ಮೆಲ್ಲಗೆ ಕೇಳಿದರು. ಅರ್ಜಿ ಅಲ್ಲಿಗೇ ಮುಗಿಯಿತು.

ಆದರೆ ಗೋವಿಂದಮ್ಮನ ಸಂಸಾರವೂ ಮುಗಿಯಿತು. ಅವಳನ್ನು ಕೆಲಮಂಗಲದ ತವರಿಗೆ ಅಟ್ಟಿ, ಕದಿರಪ್ಪನಿಗೆ ಅಂಜಿನಮ್ಮ ಎಂಬ ಹುಡುಗಿಯನ್ನು ತಂದರು. ಜಾನಕಮ್ಮ ತುಂಬ ದಿನ ಬಸುರಿಯರ ಆ ನಗುವನ್ನು ನೆನೆದು ಸಂಕಟಪಟ್ಟರು. ತಾನು ಆ ಮಾತನ್ನು ಒಳಗೆ ಕರೆದು ಹೇಳಿದ್ದರೆ? ಕೊನೆಗೆ ಅವರೇ ಕೆಲಮಂಗಲಕ್ಕೆ ಹೋಗಿ ಗೋವಿಂದಮ್ಮನನ್ನು ಕರೆತಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿಟ್ಟುಕೊಂಡರು. ಬಂಜೆ ಎನಿಸಿಕೊಂಡವಳು ಮೂರು ವರ್ಷ ಊರಿನ ಕೂಸುಗಳಿಗೆಲ್ಲ ಮೊದಲ ಸ್ನಾನ ಮಾಡಿಸಿದಳು. ಯಾವ ಕೂಸಿಗೂ ಏನೂ ಆಗಲಿಲ್ಲ.

ಗೋವಿಂದಮ್ಮನ ಜನದಲ್ಲಿ ಗಂಡ ಬಿಟ್ಟವಳ ಕೂಡಿಕೆ ಮದುವೆಗೆ ಅಡ್ಡಿಯಿರಲಿಲ್ಲ. ೧೯೭೮ರಲ್ಲಿ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಮುನಿಶಾಮಿ ಎಂಬ ವಿಧುರ ಗೋವಿಂದಮ್ಮನನ್ನು ಕೂಡಿಕೊಂಡ. ಮರುವರ್ಷ ಜಾನಕಮ್ಮನ ಕೈಯಲ್ಲೇ ಅವಳಿಗೆ ಹೆಣ್ಣುಮಗು ಹುಟ್ಟಿತು.

"ನಮ್ಮನೆ ನೀರು ಒಗ್ಗಿರ್ಲಿಲ್ಲ ಅವ್ಳಿಗೆ" ಎಂದ ಮುತ್ತರಾಯಪ್ಪ. ಆ ನೀರು ಅಂಜಿನಮ್ಮನಿಗೂ ಒಗ್ಗಲಿಲ್ಲವೆಂದು ಕಾಣುತ್ತದೆ. ಆತ ಮಗನಿಗೆ ಜವಳಗಿರಿಯಲ್ಲಿ ಮೂರನೆಯ ಹೆಣ್ಣು ನೋಡತೊಡಗಿದ.

ಆಗ ಒಂದು ಮಧ್ಯಾಹ್ನ ಕದಿರಪ್ಪ ತಾನಾಗಿಯೇ ಆಸ್ಪತ್ರೆಗೆ ಬಂದ. ಹೊಟ್ಟೆನೋವು ಎಂದ. ಎಲ್ಲಿ ಎಂದರೆ ತಲೆ ತಗ್ಗಿಸಿದ. "ಗೋವಿಂದೀಗೆ ಮಗ ಆಯ್ತಂತಲ್ಲಮ್ಮ… ನನ್ನೇ ಒಂದ್ಸಲ ನೋಡ್ಬುಡಿ."

"ಮಗ ಅಲ್ಲ, ಮಗಳು" ಎಂದರು ಜಾನಕಮ್ಮ. ಬಾಟಲಿ ಕೊಟ್ಟು ಕಳಿಸಿ, ಆತ ತಂದದ್ದನ್ನು ಸೂಕ್ಷ್ಮದರ್ಶಕದಲ್ಲಿ ಎರಡು ಸಲ ನೋಡಿದರು.

"ಮಂಗನಬಾವು ಆಗಿತ್ತಾ ನಿನಗೆ?"

"ಹೂಂ, ಹದಿನಾರ್ನೇ ವರ್ಷಕ್ಕೆ. ಕೆಳ್ಗೂ ಊದ್ಕೊಂಡಿತ್ತು. ಅಪ್ಪ ಯಾರ್ಗೂ ಯೋಳ್ಬ್ಯಾಡ ಅಂದ."

"ಅದರಿಂದಲೇ ಇರಬೇಕಪ್ಪ. ನಿನಗೆ ಮಕ್ಕಳಾಗೋದಿಲ್ಲ. ನೀನು ಮಾಡಿದ ತಪ್ಪೇನೂ ಅಲ್ಲ ಅದು."

ಕದಿರಪ್ಪ ಎದ್ದು ಹೋದ. ಬಾಯಿ ಬಿಡಲಾರ ಎಂದುಕೊಂಡರು ಜಾನಕಮ್ಮ. ಅವನು ನೆಟ್ಟಗೆ ಮನೆಗೆ ಹೋಗಿ, ಜಗಲಿಯಲ್ಲಿ ಜವಳಗಿರಿಯ ನೆಂಟರು ಕೂತಿರುವಾಗಲೇ ಹೇಳಿದ: "ಕೊರತೆ ನನ್ದು. ಇನ್ನೊಂದು ಹುಡ್ಗೀನ ತರ್ಬ್ಯಾಡಪ್ಪ." ನೆಂಟರು ಕಾಫಿಗೂ ನಿಲ್ಲಲಿಲ್ಲ.

ಮುತ್ತರಾಯಪ್ಪ ಮೂರು ದಿನ ಯೋಚಿಸಿ ತಪ್ಪಿತಸ್ಥನನ್ನು ಹಿಡಿದ. "ಆ ಟ್ರ್ಯಾಕ್ಟರ್ ಮೇಲೆ ಕೂತೂ ಕೂತೂ ಮೈ ಉಷ್ಣ ಆಗೋಯ್ತು ನನ್ ಮಗಂಗೆ." ಅದನ್ನು ಮಾರಿಬಿಟ್ಟ. ಟ್ರ್ಯಾಕ್ಟರಿಗೆ ತವರಿಲ್ಲದ ಕಾರಣ ಹೊಸಬರ ಮನೆಗೆ ಹೋಯಿತು.

ಮರುವಾರ ಅಂಜಿನಮ್ಮ ಆಸ್ಪತ್ರೆಗೆ ಬಂದಳು. ಏನು ತೊಂದರೆ ಎಂದರೆ, "ಏನೂ ಇಲ್ಲಮ್ಮ. ನನ್ನ ತವ್ರಿಗೆ ಕಳ್ಸಲ್ವಂತೆ" ಎಂದಷ್ಟೇ ಹೇಳಿ, ಅಳುತ್ತಾ ನಗುತ್ತಾ ಬೆಂಚಿನ ಮೇಲೆ ಕೂತಳು. ಜಾನಕಮ್ಮ ಕೈಲಿದ್ದ ಚೀಟಿ ಪೆನ್ನು ಕೆಳಗಿಟ್ಟರು. ಅವಳ ಪಕ್ಕದಲ್ಲಿ ತಾವೂ ಸ್ವಲ್ಪ ಹೊತ್ತು ಕೂತರು.