ನುಗ್ಗೆಬೇರಿನ ಘಾಟು

ಪುಷ್ಯ ಮಾಸದ ಸೋಮವಾರ, ಬೆಳಗಿನ ಎಂಟು ಗಂಟೆ. ಹೊಸಪೇಟೆಯ ನನ್ನ ಮನೆಯ ಹಿತ್ತಲಲ್ಲಿದ್ದವರು ಇಬ್ಬರೇ: ಗುದ್ದಲಿ ಹಿಡಿದ ನಾನು, ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದು ಕಟ್ಟೆಯ ಮೇಲೆ ಕುಳಿತ ನನ್ನ ಅಕ್ಕ. ನುಗ್ಗೆಗಿಡದ ಬುಡಕ್ಕೆ ಮೊದಲ ಏಟು ಬಿದ್ದಾಗ ಯಾವುದೋ ಎಳೆಬೇರು ತುಂಡಾಗಿ, ಸಾಸಿವೆ ಅರೆದಂಥ ಘಾಟು ಮೂಗಿಗೇರಿತು.

ಅರವತ್ತು ವರ್ಷದ ಹಿಂದೆ, ಚಳಿಗಾಲದಲ್ಲಿ, ಅವ್ವ ನುಗ್ಗೆಬೇರಿನ ಸಿಪ್ಪೆ ಹೆರೆದು ತುರಿದು, ಗಟ್ಟಿ ಮೊಸರಿಗೆ ಉಪ್ಪಿನ ಜೊತೆ ಕಲೆಸಿ, ಬಿಸಿ ರೊಟ್ಟಿಯ ಅಂಚಿಗೆ ಚಿಟಿಕೆಯಷ್ಟೇ ಇಡುತ್ತಿದ್ದಳು. ಒಂದೇ ತುತ್ತಿಗೆ ನಮ್ಮೆಲ್ಲರ ಕಣ್ಣಲ್ಲಿ ನೀರು. ಅಪ್ಪ ಮಾತ್ರ ಕನ್ನಡಕ ಒರೆಸುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತಿದ್ದರು. “ನಿಮ್ಮಪ್ಪನ ಕನ್ನಡಕ ಅಳಾಕ ಹೋತು ನೋಡ್ರಲೇ” ಎಂದು ಅವ್ವ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಆ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತುಮಾಡಿತ್ತು. ಸಂಜೆ ಆರೂವರೆಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನುಗ್ಗೆಸಾಲಿಗೆ ಎರಡು ಬಿಂದಿಗೆ ನೀರು ನನ್ನ ಪಾಲು. ಒಂದು ದಿನವೂ ತಪ್ಪಿಸಲಿಲ್ಲ. ಈಗ ಆ ಮನೆಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಆ ಜಾಗ ಸಂಡೂರಿನ ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುವ ಬಯಲಾಗಿತ್ತು.

ಆ ರುಚಿ ಬಲ್ಲವರಲ್ಲಿ ಉಳಿದವರು ನಾವಿಬ್ಬರೇ. ಅಕ್ಕನಿಗೆ ಈಚೆಗೆ ಯಾವ ಊಟವೂ ಸೇರುತ್ತಿರಲಿಲ್ಲ. ಇದನ್ನೊಮ್ಮೆ ತಿನ್ನಿಸಬೇಕೆಂದು ಎರಡು ವರ್ಷ ಈ ಗಿಡ ಸಾಕಿದ್ದೆ, ಎಲೆಗೆ ಕೂತ ಕೆಂಪು ಧೂಳನ್ನು ದಿನಾ ತೊಳೆದಿದ್ದೆ. ಮೊಣಕಾಲಾಳ ಅಗೆದರೂ ದಪ್ಪ ಬೇರು ಸಿಗಲಿಲ್ಲ. ಬರೀ ದಾರದಂಥವು. ಸಿಟ್ಟಿಗೆ ಗುದ್ದಲಿ ಎಸೆದೆ.

“ಟೊಂಗಿ ನೆಟ್ಟಿದ್ದಿ ಏನಲೇ?” ಅಕ್ಕ ಕೇಳಿದಳು.

“ಎಲ್ಲಾರೂ ಟೊಂಗೀನ ನೆಡ್ತಾರ.”

“ಕಾಯಿ ಬೇಕಾದೋರು ನೆಡ್ತಾರ. ಬೇರು ಬೇಕಂದ್ರ ಬೀಜ ಊರಬೇಕು. ಅವ್ವ ಪ್ರತಿ ವರ್ಷ ಮಳಿ ಬಿದ್ದಕೂಡ್ಲೆ ಊರ್ತಿದ್ಲು, ಚಳಿಗೆ ಕೀಳ್ತಿದ್ಲು. ಅಷ್ಟು ವರ್ಷ ನೀರು ಹಾಕಿದಿ, ಏನ್ ನೋಡ್ದಿ?”

ನನಗೆ ಹೇಳಿದ ಕೆಲಸ ಒಂದೊಂದೂ ನೆನಪಿತ್ತು. ಅವ್ವ ಮಾಡುತ್ತಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

ಅಕ್ಕ ಕಟ್ಟೆ ಇಳಿದು ಬಂದು, ಒಂದು ಎಳೆ ಎತ್ತಿ ಉಗುರಿನಿಂದ ಗೀರಿ ಮೂಸಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡಳು.

“ಈಗ ಊರಬ್ಯಾಡ, ಮಳಿಗಾಲಕ್ಕ ಊರು” ಎಂದು ಹೇಳಿ ನಾಲ್ಕರ ಬಸ್ಸಿಗೆ ಹೊರಟಳು. ಮಳೆಗಾಲ ಇನ್ನೂ ಐದು ತಿಂಗಳಿತ್ತು, ಅಕ್ಕನಿಗೆ ಎಪ್ಪತ್ತೆಂಟಾಗಿತ್ತು. ಗುಂಡಿ ಮುಚ್ಚಿದೆ. ಗಿಡದಲ್ಲೇ ಒಣಗಿದ್ದ ಕಾಯಿ ಸೀಳಿ, ಬೀಜ ತೆಗೆದು, ಸಾಲಾಗಿ ಊರಿದೆ. ಎರಡು ಬಿಂದಿಗೆ ನೀರು ಹಾಕಿದೆ. ಗುದ್ದಲಿ ತೊಳೆದು ಮೊಳೆಗೆ ತೂಗುಹಾಕಿದಾಗ ಐದೂವರೆ; ನೀರು ಹಾಕುವ ಹೊತ್ತಿಗೆ ಇನ್ನೂ ಒಂದು ತಾಸಿತ್ತು.