ಬೆನುವೆ ದಂಡೆಯಲ್ಲಿ ನಾವು ಪರದೇಶಿಗಳಾಗಿದ್ದಾಗ

ಹುರಿದ ನೆಲಗಡಲೆ, ಶುಂಠಿ, ಒಣಮೆಣಸು ಕೂಡಿಸಿ ಕುಟ್ಟಿದ ಪುಡಿಯ ವಾಸನೆ ಕೆಳಗಿನ ಮನೆಯಿಂದ ನಮ್ಮ ಅಡುಗೆಮನೆಗೆ ಬಂತು. ನಾವಿದ್ದ ಪರದೇಶದ ಊರು ಸುಬಾಂಗ್ ಜಯಾದಲ್ಲಿ ಲಾಕ್‌ಡೌನಿನ ಎರಡನೇ ತಿಂಗಳು. ನಲವತ್ತು ವರ್ಷಗಳಿಂದ ನನ್ನ ಮೂಗಿಗೆ ತಾಗದಿದ್ದ ವಾಸನೆ ಅದು. ಒಂದು ವಾಸನೆಗೆ ಹೀಗೆ ಇಡೀ ಮನೆಯೇ ಎದ್ದುಬರುವುದು ನಿಮಗೂ ಉಂಟಲ್ಲ?

ಎದ್ದುಬಂದದ್ದು ನೈಜೀರಿಯಾದ ಬೆನುವೆ ನದಿಯ ದಂಡೆಯಲ್ಲಿ ನಾವಿದ್ದ ತಗಡಿನ ಮಾಡಿನ ಮನೆ. ಉಡುಪಿಯಿಂದ ಹೋದ ಅಪ್ಪ ಅಲ್ಲಿ ಭೂಗೋಳದ ಮೇಷ್ಟ್ರು. ಮಳೆಗಾಲದಲ್ಲಿ ಆಚೆ ದಡ ಕಾಣದಂತೆ ಹರಡುತ್ತಿದ್ದ ನದಿ ಬೇಸಿಗೆಯಲ್ಲಿ ಮರಳಾಗುತ್ತಿತ್ತು. ಫುಲಾನಿ ದನಗಾಹಿಗಳು ಉದ್ದ ಕೊಂಬಿನ ದನಗಳನ್ನು ಅದರ ನಡುವೆಯೇ ದಾಟಿಸುತ್ತಿದ್ದರು. ಸಹಾರಾದ ಗಾಳಿ ಬೀಸಿದರೆ ಅಮ್ಮ ಕಾಯಿಸಿಟ್ಟ ಹಾಲಿನ ಮೇಲೆ ಕೆನೆಗಿಂತ ಮೊದಲು ಧೂಳು ಕಟ್ಟುತ್ತಿತ್ತು. ಸರಕಾರ ಎಲ್ಲೋ ರಾಜಧಾನಿಯಲ್ಲಿತ್ತು. ನಮ್ಮ ಪಾಲಿಗೆ ಆಳುವವರೆಂದರೆ ಅರಮನೆಯ ಎಮಿರ್, ಅವರ ಕೆಳಗೆ ಜಿಲ್ಲೆಯ ಮುಖ್ಯಸ್ಥರು, ಎಲ್ಲರಿಗಿಂತ ಕೆಳಗೆ ನಮ್ಮ ಕೇರಿಯ ಯಜಮಾನರು ಮಾಲಂ ಬುಕಾರ್. ಹೊಸಬರು ಬಂದರೆ ಯಜಮಾನರೇ ಅವರನ್ನು ಮನೆಮನೆಗೂ ಕರೆದೊಯ್ದು, ಇವರು ನನ್ನ ಅತಿಥಿಗಳು ಎಂದು ಹೇಳುವುದು ಅಲ್ಲಿಯ ಪದ್ಧತಿ. ಆಮೇಲೆ ಅವರ ಒಳಿತು ಕೆಡುಕೆಲ್ಲ ಯಜಮಾನರ ತಲೆಯ ಮೇಲೆ. ಅಪ್ಪ, ಅಮ್ಮ, ನಾನು ಒಂದಿಡೀ ಬೆಳಗ್ಗೆ ಅವರ ಹಿಂದೆ ಸುತ್ತಿದ್ದೆವು.

ಒಂದು ಬೇಸಿಗೆ ಕುತ್ತಿಗೆ ಸೆಟೆಯುವ ಜ್ವರ ಹಬ್ಬಿತು. ಅಪ್ಪನೂ ಮಲಗಿದರು. ರೋಗ ತಂದದ್ದು ಪರದೇಶದವರೇ ಎಂದು ಒಂದು ಗುಂಪು ನಮ್ಮನ್ನು ಓಡಿಸಲು ಬಂತು. ಮಾಲಂ ಬುಕಾರ್ ನಮ್ಮ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಕೂತರು. “ಇವರನ್ನು ನಿಮ್ಮ ಮನೆಗಳಿಗೆ ಕರೆತಂದವನು ನಾನು. ಈಗ ಓಡಿಸಿದರೆ ನನಗೇನು ಮರ್ಯಾದೆ?” ಎಂದರು. ಅಪ್ಪ ಎದ್ದು ಓಡಾಡುವವರೆಗೂ ಆ ಚಾಪೆ ಮಡಿಸಲಿಲ್ಲ. ಅಂಥವರಿಗೆ ನಮ್ಮಮ್ಮ ಮೂಲೆಯಲ್ಲಿಟ್ಟ ಬೇರೆ ಲೋಟದಲ್ಲೇ ಚಹಾ ಕೊಟ್ಟಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೆಳಗಿನ ಮನೆಯಲ್ಲಿದ್ದವಳು ನರ್ಸಿಂಗ್ ಓದುತ್ತಿದ್ದ ಜೈನಬ್. ಲಿಫ್ಟಿನಲ್ಲಿ ಅವಳು ಫೋನಿಗೆ ಹೌಸಾ ಆಡುವುದನ್ನು ಕೇಳಿದ್ದೆ. ಅದು ಬೆನುವೆ ದಂಡೆಯಲ್ಲಿ ನಾನು ಆಡುತ್ತಾ ಬೆಳೆದ ಭಾಷೆ. ಆದರೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಕೊರೊನಾ ಇರಲಿಲ್ಲ, ಪರೀಕ್ಷೆಯ ಚೀಟಿಯನ್ನು ಬಾಗಿಲಿಗೇ ಅಂಟಿಸಿದ್ದಳು, ಪಾಪ. ಆದರೂ ಅಪಾರ್ಟ್‌ಮೆಂಟ್ ಸಮಿತಿಯ ಭೂಪರು, ಆಫ್ರಿಕಾದವಳಿಂದ ಎಲ್ಲರಿಗೂ ಅಪಾಯ, ಖಾಲಿ ಮಾಡಿಸಿ ಎಂದು ಅವಳ ಮನೆಮಾಲೀಕನಿಗೆ ಅರ್ಜಿ ಬರೆದು ಸಹಿಗೆ ತಿರುಗಿಸಿದರು. ಎಂಥ ಹಲ್ಕಟ್ ಕಾಗದ! ನಾನು ಪೆನ್ನು ಹಿಡಿದು ನಿಂತೇ ಇದ್ದೆ. “ಎಲ್ಲರೂ ಸೈನ್ ಮಾಡಿ ಆಯ್ತು ಮಾರಾಯ್ತಿ. ನಮಗೆ ವೀಸಾ ರಿನ್ಯೂ ಆಗ್ಲಿಕ್ಕುಂಟು. ಊರ ಉಸಾಬರಿ ನಮಗೆಂತಕ್ಕೆ?” ಎಂದರು ನನ್ನ ಗಂಡ. ಸಹಿ ಗೀಚಿದೆ. ಸಮಿತಿಯವರನ್ನು ಬೈಯಲು ಇನ್ನು ನನಗೆಲ್ಲಿದೆ ಬಾಯಿ? ಅಮ್ಮನನ್ನು ಬೈಯಲಾದರೂ ಎಲ್ಲಿದೆ?

ವಾರದೊಳಗೆ ಜೈನಬ್ ಎರಡು ಬ್ಯಾಗು ಹಿಡಿದು ಗೇಟಿನ ಬಳಿ ಕಾರಿಗೆ ಕಾಯುತ್ತಿದ್ದಳು. ತಡೆಯಲಾಗದೆ ಇಳಿದು ಹೋದೆ. ಮಾಸ್ಕಿನೊಳಗಿಂದಲೇ, ನಾನು ಬೆಳೆದ ಊರಿನ ಕ್ರಮದಂತೆ, ಹೌಸಾದಲ್ಲಿ, ಮನೆಯವರು ಹೇಗಿದ್ದಾರೆ, ದಣಿವು ಹೇಗಿದೆ ಎಂದು ಒಂದೊಂದಾಗಿ ಕೇಳಿದೆ. ಅವಳು ಬ್ಯಾಗು ಕೆಳಗಿಟ್ಟು ಒಂದೊಂದಕ್ಕೂ ಉತ್ತರ ಕೊಟ್ಟಳು. ಕಣ್ಣು ತುಂಬಿಕೊಂಡಿತ್ತು.

“ಆಂಟಿ, ನಿಮಗೆ ನಮ್ಮ ಭಾಷೆ ಬರುತ್ತದೆಯೇ! ಹಾಗಾದರೆ ಆ ಕಾಗದಕ್ಕೆ ನೀವೊಬ್ಬರಾದರೂ ಸಹಿ ಹಾಕಿರಲಿಕ್ಕಿಲ್ಲ.”

“ಇಲ್ಲ ಮಗಳೇ, ಹಾಕಿಲ್ಲ” ಎಂದೆ, ಹೌಸಾದಲ್ಲೇ.